ತೆಗೆದ ಎಲುಬು ಮತ್ತೆ ಬೆಳೆಯುತ್ತದಾ? ಆಯಿಯ ಸೊಂಟದ ಆಪರೇಶನ್ ಆಗಿ ಏಳು ವರ್ಷ

ಕೆಳಗಿನತೋಟ · 2025 ಸೆಪ್ಟೆಂಬರ್ 14, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಹದಿನಾರು ಕಿಲೋಮೀಟರ್ ಒಳಗೆ ಒಂದು ಹಳ್ಳಿ. ಮನೆ ಮೇಲೆ, ತೋಟ ಕೆಳಗೆ. ನಡುವೆ ಚಿರೇಕಲ್ಲಿನ ಮೆಟ್ಟಿಲು, ತೊಂಬತ್ತು ಚಿಲ್ಲರೆ. ಮೆಟ್ಟಿಲಿನ ಲೆಕ್ಕ ಯಾಕೆ ಕೊಟ್ಟೆ ಅಂತ ಮುಂದೆ ಗೊತ್ತಾಗುತ್ತದೆ.

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಈಗ 69. 2018ರಲ್ಲಿ ಸೊಂಟದ ಆಪರೇಶನ್ ಆಗಿತ್ತು. ನರಕ್ಕೆ ಜಾಗ ಸಾಲುತ್ತಿಲ್ಲ ಅಂತ ಎಲ್4-ಎಲ್5 (ಸೊಂಟದ ನಾಲ್ಕನೇ ಐದನೇ ಮಣಿ) ಹತ್ತಿರ ಹಿಂದಿನ ಎಲುಬು ತೆಗೆದರು. ಚೀಟಿಯಲ್ಲಿ ಲ್ಯಾಮಿನೆಕ್ಟಮಿ ಅಂತಿದೆ. ಸ್ಕ್ರೂ, ರಾಡು ಏನೂ ಹಾಕಿಲ್ಲ. ಮೂರನೇ ದಿನಕ್ಕೆ ನಡೆದಳು. ಮೂರನೇ ತಿಂಗಳಿಗೆ ಕೊಟ್ಟಿಗೆ ಕೆಲಸಕ್ಕೆ ಇಳಿದಳು, ನಾವು ಬೇಡ ಅಂದರೂ. ಆರು ವರ್ಷ ಸೊಂಟದ ಸುದ್ದಿಯೇ ಇರಲಿಲ್ಲ.

ಹೋದ ಚಳಿಗಾಲದಿಂದ ಮತ್ತೆ ಶುರು. ಸೊಂಟಕ್ಕಿಂತ ಕಾಲಿನದ್ದೇ ಜಾಸ್ತಿ. ಸ್ವಲ್ಪ ನಡೆದರೆ ಎರಡೂ ಮೀನಖಂಡ ಕಲ್ಲು ಕಟ್ಟಿದ ಹಾಗೆ ಆಗುತ್ತದಂತೆ. ವಿಚಿತ್ರ ಏನೆಂದರೆ ತೋಟಕ್ಕೆ ಇಳಿಯುವಾಗ ಮೂರು ಕಡೆ ಕೂರುತ್ತಾಳೆ, ಹತ್ತಿ ಬರುವಾಗ ಒಂದೇ ಉಸಿರಿಗೆ ಬರುತ್ತಾಳೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ ನಾಲ್ಕು ತಾಸು ಏನೂ ಇಲ್ಲ. ಅದೇ ಒಲೆಕಟ್ಟೆ ಹತ್ತಿರ ನಿಂತು ಹತ್ತು ದೋಸೆ ಎರೆಯಲು ಆಗುವುದಿಲ್ಲ. "ನಾಟಕ ಮಾಡ್ತಾಳೆ" ಅಂತ ಅಪ್ಪಯ್ಯ ಒಂದು ಸಲ ಹೇಳಿ, ಎರಡು ದಿನ ಬರೀ ಗಂಜಿ ಉಂಡ.

ಕಳೆದ ವಾರ ಹೊಸದಾಗಿ ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರು ಎರಡೇ ನಿಮಿಷ ಮಾತಾಡಿದರು. "ತೆಗೆದ ಎಲುಬು ಸ್ವಲ್ಪ ಮತ್ತೆ ಬೆಳೆದಿದೆ, ದೊಡ್ಡ ಕಡೆ ತೋರಿಸಿ" ಅಂದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಅವರ ಮೇಲೆ ಸಿಟ್ಟಿಲ್ಲ.

ಅಂದಿನಿಂದ ಊರವರದ್ದೆಲ್ಲ ಒಂದೊಂದು ಮಾತು. ಮೊದಲನೇ ಆಪರೇಶನ್ ಅರ್ಧಕ್ಕೆ ಬಿಟ್ಟಿದ್ದಾರೆ ಅಂತ ಒಬ್ಬರು. ಆಪರೇಶನ್ ಆದಾಗಿನಿಂದ ಕ್ಯಾಲ್ಸಿಯಂ ಮಾತ್ರೆ ನುಂಗಿಸಿದ್ದಕ್ಕೇ ಎಲುಬು ಬೆಳೆಯಿತು ಅಂತ ಇನ್ನೊಬ್ಬರು. ಆಯಿ ಅದನ್ನು ನಂಬಿ ಮಾತ್ರೆ ಬಿಟ್ಟಿದ್ದಾಳೆ, ಹಾಲನ್ನೂ ಬಿಟ್ಟಿದ್ದಾಳೆ. ಎರಡು ಆಕಳು ಕಟ್ಟಿಕೊಂಡ ಮನೆಯಲ್ಲಿ!

ಒಮ್ಮೆ ಕೆತ್ತಿ ತೆಗೆದ ಎಲುಬು ನಿಜವಾಗಿಯೂ ಬೆಳೆಯುತ್ತದಾ? ಈ ವಯಸ್ಸಿಗೆ ಎರಡನೇ ಸಲ ಕೊಯ್ಯಿಸಬೇಕಾ? ಗೊತ್ತಿದ್ದವರು, ಅನುಭವಿಸಿದವರು ಹೇಳಿ.

---

ಶರಾವತಿದಂಡೆ · ಸೆಪ್ಟೆಂಬರ್ 14, ರಾತ್ರಿ 10:15

ಆಪರೇಶನ್ ಸುದ್ದಿಗೇ ಹೋಗಬೇಡಿ ಮಾರಾಯ್ರೆ. ನಮ್ಮ ಕಡೆ ಒಬ್ಬರು ಎಣ್ಣೆ ಹಾಕಿ ಗಟ್ಟಿ ತಿಕ್ಕುತ್ತಾರೆ, ಏಳು ದಿನ. ಬೆಳೆದ ಎಲುಬು ಕರಗಿ ಹೋಗುತ್ತದೆ. ನಂಬರ್ ಬೇಕಾದರೆ ಕೇಳಿ.

---

ಕತ್ತಲೆಕೋಣೆ · ಸೆಪ್ಟೆಂಬರ್ 15, ಬೆಳಿಗ್ಗೆ 6:05

ತಮಾ, ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಕಾರವಾರದ ಕಡೆ ಮೂವತ್ತೊಂದು ವರ್ಷ ಎಕ್ಸ್‌ರೇ ತೆಗೆದವ. ಮೊದಲು ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದೆವು, ಕೊನೆಕೊನೆಗೆ ಎಲ್ಲ ಕಂಪ್ಯೂಟರ್ ಆಯಿತು. ಈಗ ಅಂಕೋಲೆಯಲ್ಲಿ ಮನೆ. ಎರಡು ಇಶಾಡ ಮಾವಿನ ಮರ ನೋಡಿಕೊಳ್ಳುವುದು, ಬೆಳಗಾದರೆ ಇಲ್ಲಿ ಬಂದು ಬರೆಯುವುದು, ಇಷ್ಟೇ ಕೆಲಸ.

ನಿನ್ನ ಆಯಿ ನಾಟಕ ಮಾಡುತ್ತಿಲ್ಲ. ಮೆಟ್ಟಿಲಿನ ಕತೆ ಓದಿದ ಕೂಡಲೇ ನನಗೆ ಗೊತ್ತಾಯಿತು. ಅಪ್ಪಯ್ಯನಿಗೆ ಇದನ್ನು ಓದಿ ಹೇಳು.

ಬೆನ್ನಿನ ಮಣಿ ಅಂದರೆ ಮುಂದೆ ಒಂದು ದಪ್ಪ ಎಲುಬು. ಅದರ ಹಿಂದೆ ಒಂದು ಓಣಿ. ಓಣಿಯ ಮೇಲೆ ಹಂಚಿನ ಮನೆಯ ಮಾಡಿನ ಹಾಗೆ ಎರಡು ಇಳಿಜಾರು ಎಲುಬು, ನಡುವೆ ಮೊನೆ. ನಾವು ಬೆನ್ನು ಸವರಿದರೆ ಕೈಗೆ ಸಿಗುವುದು ಆ ಮೊನೆ. ಇಳಿಜಾರಿನ ಭಾಗಕ್ಕೆ ಲ್ಯಾಮಿನಾ ಅನ್ನುತ್ತಾರೆ. ಬೆನ್ನುಹುರಿ ಸೊಂಟದ ಒಂದನೇ ಎರಡನೇ ಮಣಿಯ ಹತ್ತಿರವೇ ಮುಗಿದಿರುತ್ತದೆ. ಅಲ್ಲಿಂದ ಕೆಳಗೆ ಓಣಿಯಲ್ಲಿ ಇರುವುದು ಕಾಲಿಗೆ, ಮೂತ್ರಕೋಶಕ್ಕೆ ಹೋಗುವ ನರಗಳ ಕಂತೆ, ಕುದುರೆ ಬಾಲ ಇಳಿಬಿಟ್ಟ ಹಾಗೆ. ವಯಸ್ಸಾದ ಹಾಗೆ ಡಿಸ್ಕ್ ಉಬ್ಬುತ್ತದೆ, ಒಳಗಿನ ಹಳದಿ ಪಟ್ಟಿ ದಪ್ಪ ಆಗುತ್ತದೆ, ಪಕ್ಕದ ಕೀಲು ದಪ್ಪ ಆಗುತ್ತದೆ. ಓಣಿ ಇಕ್ಕಟ್ಟಾಗುತ್ತದೆ. ಇದಕ್ಕೆ ಸ್ಟೆನೋಸಿಸ್ ಅಂತ ಹೆಸರು. 2018ರಲ್ಲಿ ಮಾಡು ಬಿಚ್ಚಿ ಜಾಗ ಮಾಡಿಕೊಟ್ಟರು.

ಈಗ ಮೆಟ್ಟಿಲು. ಮುಂದೆ ಬಾಗಿದರೆ ಓಣಿ ಸ್ವಲ್ಪ ಅಗಲ ಆಗುತ್ತದೆ, ಹಿಂದಕ್ಕೆ ವಾಲಿದರೆ ಕಿರಿದಾಗುತ್ತದೆ. ಹತ್ತುವಾಗ ಮೈ ತಾನಾಗಿ ಮುಂದೆ ಬಾಗುತ್ತದೆ. ಇಳಿಯುವಾಗ ಹಿಂದಕ್ಕೆ. ಮೆಟ್ಟುಗತ್ತಿ ಮುಂದೆ ಕೂತಾಗ ಬಾಗಿಯೇ ಕೂರುವುದು. ದೋಸೆ ಎರೆಯುವಾಗ ನೆಟ್ಟಗೆ ನಿಲ್ಲಬೇಕು. ಎಲ್ಲ ಲೆಕ್ಕ ಸರಿಹೋಯಿತು, ಅಲ್ವಾ?

ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆದಾಗ ಮೀನಖಂಡ ಹಿಡಿಯುತ್ತದೆ. ಆದರೆ ಅದಕ್ಕೆ ಹತ್ತುವುದೇ ಕಷ್ಟ, ಸುಮ್ನೆ ನಿಂತರೂ ಸಾಕು ಕಡಿಮೆಯಾಗುತ್ತದೆ. ನರದ ಒತ್ತಿಗೆ ನಿಂತರೆ ಸಾಲದು, ಕೂರಬೇಕು ಇಲ್ಲ ಬಾಗಬೇಕು. ಏನೇ ಇರಲಿ, ಡಾಕ್ಟರು ಪಾದದ ನಾಡಿ ಮುಟ್ಟಿ ನೋಡಿದರಾ ಕೇಳು. ಸಕ್ಕರೆ ಕಾಯಿಲೆ ಇದ್ದರಂತೂ ಕೇಳಲೇಬೇಕು.

ನೀನು ಕೇಳಿದ್ದಕ್ಕೆ ಬರುತ್ತೇನೆ. ಹೌದು, ಬೆಳೆಯುತ್ತದೆ. ಚರ್ಮಕ್ಕೆ ಗಾಯ ಆದರೆ ಕಲೆ ಬರುತ್ತದೆ. ಎಲುಬಿಗೆ ಗಾಯ ಆದರೆ ಎಲುಬೇ ಬರುತ್ತದೆ. ಮುರಿದ ಕೈ ಕೂಡುವುದೂ ಹೀಗೇ. ಕೆತ್ತಿದ ಅಂಚು ಹಸಿ ಗಾಯದ ಹಾಗೆ, ಅಲ್ಲಿಂದ ನಿಧಾನಕ್ಕೆ ಹೊಸ ಎಲುಬು ಚಿಗುರುತ್ತದೆ. ತಿಂಗಳಲ್ಲಿ ಅಲ್ಲ, ವರ್ಷಗಟ್ಟಲೆ. ಇಟಲಿಯ ಇಬ್ಬರು ಸರ್ಜನ್‌ಗಳು ಇದನ್ನೇ ಹುಡುಕಿಕೊಂಡು ಹೋಗಿ 1992ರಲ್ಲಿ ಬರೆದಿದ್ದಾರೆ. ಇಂಥದೇ ಆಪರೇಶನ್ ಆದ 40 ಜನರನ್ನು ಸರಾಸರಿ 8.6 ವರ್ಷದ ಮೇಲೆ ಮತ್ತೆ ಕರೆಸಿ ನೋಡಿದರು. ನೂರಕ್ಕೆ 88ರ ಲೆಕ್ಕದಲ್ಲಿ ಸ್ವಲ್ಪವೋ ಜಾಸ್ತಿಯೋ ಎಲುಬು ಬೆಳೆದಿತ್ತು. ಹಾಗಾಗಿ ಮೊದಲನೆಯವರು ಅರ್ಧಕ್ಕೆ ಬಿಟ್ಟರು ಅನ್ನುವ ಮಾತು ಬಿಟ್ಟುಬಿಡು. ಸುಮಾರು ಎಲ್ಲರಿಗೂ ಬೆಳೆಯುತ್ತದೆ, ಬೆಳೆದವರಿಗೆಲ್ಲ ನೋವು ಬರುವುದಿಲ್ಲ. ಸ್ವಲ್ಪ ಬೆಳೆದವರು ಆರಾಮಾಗಿಯೇ ಇದ್ದರು.

ಆ ಲೇಖನದಲ್ಲಿ ನಿನಗೆ ಬೇಕಾದ ಇನ್ನೊಂದು ಮಾತಿದೆ. ಮಣಿಯ ಮೇಲೆ ಮಣಿ ಮುಂದಕ್ಕೆ ಜಾರಿದವರಲ್ಲಿ, ಅದರಲ್ಲೂ ಸ್ಕ್ರೂ-ಗಿಕ್ರೂ ಇಲ್ಲದೆ, ಎರಡು ಮಣಿ ಕೂಡಿಸದೆ ಬಿಟ್ಟವರಲ್ಲಿ ಎಲುಬು ಜಾಸ್ತಿ ಬೆಳೆದಿತ್ತು. ಅಲುಗಾಡುವ ಜಾಗಕ್ಕೆ ಮೈ ತಾನೇ ಆಧಾರ ಕಟ್ಟಲು ನೋಡುತ್ತದೆ. ಭಾರ ಬಿದ್ದ ಕಡೆ ಎಲುಬು ದಪ್ಪ ಆಗುತ್ತದೆ ಅಂತ ಯೂಲಿಯಸ್ ವೋಲ್ಫ್ ಅನ್ನುವ ಜರ್ಮನ್ ಡಾಕ್ಟರು 1892ರಲ್ಲೇ ಬರೆದಿಟ್ಟಿದ್ದಾನೆ. ಹಾಗಾಗಿ "ಎಲುಬು ಬೆಳೆದಿದೆ" ಅನ್ನುವಲ್ಲಿಗೆ ನಿಲ್ಲಬೇಡ. ಅಲ್ಲಿ ಏನಾದರೂ ಅಲುಗಾಡುತ್ತಿದೆಯಾ ನೋಡಿಸು. ಅದಕ್ಕೆ ದೊಡ್ಡ ಯಂತ್ರ ಬೇಡ. ನಿಲ್ಲಿಸಿ, ಪಕ್ಕದಿಂದ ಎರಡು ಎಕ್ಸ್‌ರೇ: ಮುಂದೆ ಬಾಗಿಸಿ ಒಂದು, ಹಿಂದೆ ಬಾಗಿಸಿ ಒಂದು. ಮಲಗಿಸಿ ತೆಗೆದ ಸ್ಕ್ಯಾನಿನಲ್ಲಿ ಮಣಿ ಮರ್ಯಾದೆಯಿಂದ ಸ್ವಸ್ಥಾನದಲ್ಲಿ ಕೂತಿರುತ್ತದೆ, ನಿಂತಾಗ ಜಾರುತ್ತದೆ. ನಾನೇ ಎಷ್ಟೋ ನೋಡಿದ್ದೇನೆ.

ಎಲುಬಿಗೆ ಸಿಟಿ, ನರಕ್ಕೆ ಎಂಆರ್‌ಐ. ಒಮ್ಮೆ ಕೊಯ್ದ ಜಾಗದಲ್ಲಿ ಕಲೆಮಾಂಸ ತುಂಬಿರುತ್ತದೆ. ಅದು ಯಾವುದು, ಹೊಸದಾಗಿ ಜಾರಿದ ಡಿಸ್ಕ್ ಯಾವುದು ಅಂತ ಬಿಡಿಸಿ ನೋಡಲು ಕೆಲವೊಮ್ಮೆ ಬಣ್ಣದ ಇಂಜೆಕ್ಷನ್ ಕೊಟ್ಟು ಎಂಆರ್‌ಐ ಮಾಡುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಬೇಕು.

ಎಲ್ಲಕ್ಕಿಂತ ಮುಖ್ಯ, 2018ರ ಫಿಲ್ಮು, ಸಿಡಿ ಹುಡುಕು. ಎಷ್ಟು ತೆಗೆದಿದ್ದರು ಗೊತ್ತಿಲ್ಲದೆ ಎಷ್ಟು ಬೆಳೆದಿದೆ ಅಂತ ಯಾರು ಹೇಳುತ್ತಾರೆ?

ಶರಾವತಿದಂಡೆಯವರೇ, ಆ ಎಲುಬು ಮೂರು ಬೆರಳು ಮಾಂಸದ ಅಡಿಯಲ್ಲಿದೆ. ಎಣ್ಣೆ ಅಲ್ಲಿವರೆಗೆ ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚು, ಅಲ್ಲಿ ಮಾಡು ಬಿಚ್ಚಿದ್ದಾರೆ. ಮಾಡಿಲ್ಲದ ಮನೆಯ ಮೇಲೆ ಹತ್ತಿ ತುಳಿಯುತ್ತೀರಾ?

---

ಕೆಳಗಿನತೋಟ · ಸೆಪ್ಟೆಂಬರ್ 15, ರಾತ್ರಿ 8:50

ಕತ್ತಲೆಕೋಣೆ ಮಾವ (ಹೀಗೆ ಕರೆದರೆ ಬೇಜಾರಿಲ್ಲ ಅಲ್ವಾ?), ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದೆ. ಅಪ್ಪಯ್ಯ ತಲೆ ಎತ್ತಲಿಲ್ಲ. ಊಟ ಮುಗಿಸಿ ಎದ್ದು ಹೋಗಿ ಆಯಿಗೆ ಒಂದು ಲೋಟ ಹಾಲು ತಂದಿಟ್ಟ. ಅವಳು ಕುಡಿಯಲಿಲ್ಲ, ಅದು ಬೇರೆ. ಕ್ಯಾಲ್ಸಿಯಂ ಬಗ್ಗೆ ನೀವು ಏನೂ ಹೇಳಲಿಲ್ಲವಲ್ಲ, ಅದಕ್ಕೇ ಅಂತೆ.

2018ರ ಫಿಲ್ಮು ಅಟ್ಟದಲ್ಲಿ ಸಿಕ್ಕಿತು. ನಾಲ್ಕು ಹಾಳೆ. ಐದು ಇರಬೇಕಿತ್ತು. ಐದನೆಯದು 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ ನೋಡಲು ಅಂಗಳಕ್ಕೆ ಹೋದದ್ದು ವಾಪಸ್ ಬಂದಿಲ್ಲ. ಸಿಡಿ ಅವರು ಕೊಟ್ಟೇ ಇರಲಿಲ್ಲ. ಫೋನ್ ಮಾಡಿದರೆ ಅಷ್ಟು ಹಳೆಯದು ಸಿಗುವುದಿಲ್ಲ ಅಂದರು.

---

ಕತ್ತಲೆಕೋಣೆ · ಸೆಪ್ಟೆಂಬರ್ 15, ರಾತ್ರಿ 9:02

ಎಕ್ಸ್‌ರೇ ಫಿಲ್ಮಿನಲ್ಲಿ ಗ್ರಹಣ ನೋಡಬಾರದು ಮಾರಾಯ! ಕಣ್ಣಿನ ಪರದೆ ಸುಡುತ್ತದೆ. ಮೂವತ್ತೊಂದು ವರ್ಷ ಪ್ರತಿ ಗ್ರಹಣಕ್ಕೂ ಜನ ಬಂದು ಹಾಳಾದ ಫಿಲ್ಮು ಕೊಡಿ ಅನ್ನುತ್ತಿದ್ದರು, ಪ್ರತಿ ಸಲವೂ ಬೈದು ಕಳಿಸುತ್ತಿದ್ದೆ.

ನಾಲ್ಕು ಹಾಳೆ ಸಾಕು. ಮಡಚಬೇಡ. ಚೀಲದಲ್ಲಿ ರಟ್ಟು ಇಟ್ಟು ಒಯ್ಯಿ. ಡಿಸ್ಚಾರ್ಜ್ ಚೀಟಿಯನ್ನೂ, ಆಪರೇಶನ್ ನೋಟ್ಸ್ ಇದ್ದರೆ ಅದನ್ನೂ.

ಕ್ಯಾಲ್ಸಿಯಂ ವಿಷಯ ಹೇಳಲು ಇಲ್ಲಿ ನನಗಿಂತ ಗೊತ್ತಿರುವವರು ಇದ್ದಾರೆ, ಬರಲಿ.

---

ನಾಲ್ಕುಸ್ಕ್ರೂ_ಎರಡುರಾಡು · ಸೆಪ್ಟೆಂಬರ್ 16, ಮಧ್ಯಾಹ್ನ 2:30

ನನ್ನದು ನಿಮ್ಮ ಆಯಿಯ ಕತೆಗೆ ಉಲ್ಟಾ. ಅವರಿಗೆ ಬೇಡದ ಎಲುಬು ಬೆಳೆಯಿತು. ನನಗೆ ಬೇಕಾದ ಎಲುಬು ಬೆಳೆಯಲಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಎರಡನೇ ಆಪರೇಶನ್ ಅಂತ ಆದರೆ ಅವರಿಗೂ ಕೂಡಿಸುವ ಆಪರೇಶನ್ನೇ ಹೇಳಬಹುದು.

ನಾನು ಯಲ್ಲಾಪುರ ಕಡೆಯವ. ವಯಸ್ಸು 52. ನನಗೂ ಎಲ್4-ಎಲ್5, ಮಣಿ ಜಾರಿತ್ತು. ನಾಲ್ಕು ಸ್ಕ್ರೂ ಎರಡು ರಾಡು ಹಾಕಿ, ಸೊಂಟದ ಪಕ್ಕದ ಎಲುಬಿನಿಂದ ಚೂರು ತೆಗೆದು ಅಲ್ಲಿ ತುಂಬಿದರು. ಸ್ಕ್ರೂ ಹಾಕಿದರೆ ಮುಗಿಯಿತು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಮಾವಿಗೆ ಕಸಿ ಕಟ್ಟುತ್ತೇವಲ್ಲ, ಸುತ್ತುವ ಪಟ್ಟಿ ಸುಮ್ನೆ ಹಿಡಿದುಕೊಳ್ಳಲು. ಹತ್ತಬೇಕಾದ್ದು ಕೊಂಬೆ. ಕೊಂಬೆ ಹತ್ತದಿದ್ದರೆ ಪಟ್ಟಿ ಎಷ್ಟು ದಿನ ಹಿಡಿದೀತು? ಸ್ಕ್ರೂ ಅಂದರೆ ಆ ಪಟ್ಟಿ. ಚೂರು ಎಲುಬು ಎರಡು ಮಣಿಯ ನಡುವೆ ಒಂದೇ ಗಟ್ಟಿ ಎಲುಬಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಕೆಲವರಿಗೆ ಅದಕ್ಕೂ ಜಾಸ್ತಿ.

ಈಗ ನನ್ನ ತಪ್ಪು. ಆಪರೇಶನ್ ಮುಂಚೆ ಒಬ್ಬರು ಬಂದು ಫಾರಂ ತುಂಬಿಸಿಕೊಂಡರು. "ಸಿಗರೇಟು ಸೇದುತ್ತೀರಾ?" "ಇಲ್ಲ." "ಕುಡಿಯುತ್ತೀರಾ?" "ಇಲ್ಲ." ಎರಡೂ ಸತ್ಯ. ಕವಳ, ಅಂದರೆ ಎಲೆ ಅಡಿಕೆ, ಹಾಕುತ್ತೀರಾ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮಲ್ಲಿ ಕವಳ ಚಟದ ಲೆಕ್ಕಕ್ಕೆ ಎಲ್ಲಿ ಬರುತ್ತದೆ? ಮನೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟು ಮುಂದೆ ತಟ್ಟೆ ಸರಿಸುತ್ತೇವೆ. ದಿನಕ್ಕೆ ಎಂಟು ಹತ್ತು ಕವಳ, ಎಲ್ಲದಕ್ಕೂ ತಂಬಾಕಿನ ಎಸಳು. ಆಸ್ಪತ್ರೆ ಮಂಚದ ಮೇಲೂ ಹಾಸಿಗೆ ಕೆಳಗೆ ಪೊಟ್ಟಣ ಇತ್ತು. ಹೆಂಡತಿಗೆ ಗೊತ್ತಿತ್ತು, ನರ್ಸಿಗೆ ಗೊತ್ತಿರಲಿಲ್ಲ.

ಹದಿನಾಲ್ಕನೇ ತಿಂಗಳಿಗೆ ಮತ್ತೆ ನೋವು. ಸಿಟಿಯಲ್ಲಿ ಎರಡು ಸ್ಕ್ರೂ ಸುತ್ತ ಕಪ್ಪು ಗೆರೆ. ಸಡಿಲ ಆಗಿದೆ ಅಂತ ಅರ್ಥವಂತೆ. ಎಲುಬು ಕೂಡಿರಲೇ ಇಲ್ಲ. ಈ ಸಲ ಬೇರೆ ಡಾಕ್ಟರು. ನನ್ನ ಹಲ್ಲು ನೋಡಿದರು, ನಕ್ಕರು. "ನಿಕೋಟಿನ್ ಹೊಗೆಯಲ್ಲಿ ಹೋದರೂ ಅಷ್ಟೇ, ಕವಳದಲ್ಲಿ ಹೋದರೂ ಅಷ್ಟೇ. ಸಣ್ಣ ರಕ್ತನಾಳ ಬಿಗಿಯುತ್ತದೆ. ರಕ್ತ ಇಲ್ಲದೆ ಎಲುಬು ಎಲ್ಲಿಂದ ಬೆಳೆಯುತ್ತದೆ?" ಅಂದರು. ತಂಬಾಕು ಒಂದರಿಂದಲೇ ಹೀಗಾಯಿತು ಅಂತ ಅವರೂ ಹೇಳಲಿಲ್ಲ. ನಾನೂ ಮೂರನೇ ತಿಂಗಳಿಗೇ ಅಡಿಕೆ ಚೀಲ ಎತ್ತಿದ್ದೆ. ಆದರೆ ಪೂರ್ತಿ ಬಿಡದೆ ಚಾಕು ಹಿಡಿಯುವುದಿಲ್ಲ ಅಂದರು. ಬಿಟ್ಟೆ. ಎರಡೂವರೆ ತಿಂಗಳು ಲವಂಗ ಕಚ್ಚಿಕೊಂಡು ಮನೆಯವರ ಮೇಲೆಲ್ಲ ರೇಗಾಡಿದೆ. ಎರಡನೇ ಸಲ ಕೂಡಿತು. ಈಗ ಮೂರು ವರ್ಷ ಆಯಿತು.

ನಿಮ್ಮ ಆಯಿ ಕವಳ ಹಾಕುತ್ತಾರಾ? ಹಾಕಿದರೆ ತಂಬಾಕು ಎಷ್ಟು? ಸರಿಯಾಗಿ ಕೇಳಿ ಡಾಕ್ಟರಿಗೆ ಹೇಳಿ.

ಮತ್ತೊಂದು, ಆಯುಷ್ಮಾನ್ ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ಅಡ್ಮಿಟ್ ಆದ ಮೇಲೆ ಓಡಾಡಿದರೆ ನಿಮ್ಮ ಸೊಂಟವೂ ಹೋಗುತ್ತದೆ.

---

ಕುಮಟಾ_ಫಿಜಿಯೋ · ಸೆಪ್ಟೆಂಬರ್ 16, ರಾತ್ರಿ 10:20

ಕ್ಯಾಲ್ಸಿಯಂ ಪ್ರಶ್ನೆಗೆ ಉತ್ತರ ಬಾಕಿ ಇದೆ ಅಂತ ಕಾಣುತ್ತದೆ. ನಿಮ್ಮ ಆಯಿಗೆ ಹೇಳಿ: ಹಾಲು ಕುಡಿದದ್ದಕ್ಕೆ ಓಣಿಯಲ್ಲಿ ಎಲುಬು ಬೆಳೆಯುವುದಿಲ್ಲ. ಅದು ಆ ಜಾಗದ ಗಾಯ, ಆ ಜಾಗದ ಅಲುಗಾಟಕ್ಕೆ ಬೆಳೆದದ್ದು. ಕ್ಯಾಲ್ಸಿಯಂ ಬಿಟ್ಟರೆ ಅಲ್ಲಿ ಬೆಳೆಯುವುದು ನಿಲ್ಲುವುದಿಲ್ಲ, ಉಳಿದ ಕಡೆಯ ಎಲುಬು ಸೊರಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಹೇಗೂ ಬೇಗ ಸವೆಯುತ್ತದೆ. ದಿನಕ್ಕೆ ಸಾವಿರದಿಂದ ಸಾವಿರದಿನ್ನೂರು ಮಿಲಿಗ್ರಾಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇರುತ್ತದೆ. ನಮ್ಮ ಕಡೆಯವರಾದರೆ ತಾರ್ಲೆ ಮೀನನ್ನು ಮುಳ್ಳು ಸಮೇತ ಅಗಿದು ತಿನ್ನಿ ಅನ್ನುತ್ತಿದ್ದೆ. ನೀವು ಹವ್ಯಕರು ಅನ್ನಿಸುತ್ತದೆ, ಹಾಲು ಮೊಸರು ಎಳ್ಳು ಸಾಕು. ಮಾತ್ರೆ ಎಷ್ಟು ಅಂತ ಡಾಕ್ಟರು ಹೇಳಲಿ. ವಿಟಮಿನ್ ಡಿ ಒಮ್ಮೆ ನೋಡಿಸಿ, ಮಲೆನಾಡಿನ ಮಳೆಗಾಲದಲ್ಲಿ ಬಿಸಿಲು ಎಲ್ಲಿ ಸಿಗುತ್ತದೆ?

ಎಲುಬಿನ ಸಾಂದ್ರತೆಯ ಪರೀಕ್ಷೆ, ಡೆಕ್ಸಾ, ಅದನ್ನೂ ಕೇಳಿ. ಒಂದು ವೇಳೆ ಸ್ಕ್ರೂ ಹಾಕಬೇಕಾಗಿ ಬಂದರೆ ಒಳಗಿನ ಎಲುಬು ಪೊಳ್ಳಾಗಿರಬಾರದು. ಗೆದ್ದಲು ತಿಂದ ಜಂತಿಗೆ ಮೊಳೆ ಹೊಡೆದ ಹಾಗೆ ಆಗುತ್ತದೆ.

ಈಗಿಂದೀಗ ಮನೆಯಲ್ಲಿ ಮಾಡಬಹುದಾದ್ದು ಇದೆ. ತೋಟಕ್ಕೆ ಇಳಿಯುವಾಗ ಎರಡೂ ಕೈಗೆ ಕೋಲು ಕೊಡಿ, ಸ್ವಲ್ಪ ಮುಂದೆ ಬಾಗಿ ಇಳಿಯಲಿ. ಒಲೆಕಟ್ಟೆ ಕೆಳಗೆ ಒಂದು ಚಿಕ್ಕ ಮಣೆ ಇಟ್ಟು ಅದರ ಮೇಲೆ ಒಂದು ಕಾಲು ಇಟ್ಟು ದೋಸೆ ಎರೆಯಲಿ, ಕಾಲು ಬದಲಿಸುತ್ತಾ. ಸೊಂಟ ಹಿಂದಕ್ಕೆ ಬಾಗುವುದು ತಪ್ಪುತ್ತದೆ. ನಮ್ಮಲ್ಲಿಗೆ ಬರುವ ಮೀನು ಮಾರುವ ಹೆಂಗಸರಿಗೂ ಇದನ್ನೇ ಹೇಳಿಕೊಡುತ್ತೇನೆ. ಮೊಬೈಲಿನಲ್ಲಿ ನೋಡಿ, ಹೊಟ್ಟೆ ಕೆಳಗೆ ಮಾಡಿ ಮಲಗಿ ಎದೆ ಎತ್ತುವ ವ್ಯಾಯಾಮ ಮಾಡಿಸಬೇಡಿ. ಅದು ಬೇರೆ ಥರದ ಸೊಂಟನೋವಿಗೆ. ಇವರಿಗೆ ಓಣಿ ಇನ್ನೂ ಇಕ್ಕಟ್ಟಾಗುತ್ತದೆ. ಬೆಲ್ಟ್ ದಿನವಿಡೀ ಕಟ್ಟಿಕೊಂಡರೆ ಸ್ನಾಯು ಸೋಮಾರಿ ಆಗುತ್ತದೆ.

ಇಷ್ಟು ಮಾತ್ರ ಕಾಯಬಾರದ್ದು: ಮೂತ್ರ ಬರದೆ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಪಾದ ಎತ್ತಲು ಬಾರದಿರುವುದು. ಇದರಲ್ಲಿ ಯಾವುದೇ ಒಂದು ಆದರೂ ಬೆಳಗಾಗಲಿ ಅಂತ ಕಾಯದೆ ಅದೇ ರಾತ್ರಿ ಹೊರಡಿ. ನಮ್ಮ ಜಿಲ್ಲೆಯಿಂದ ಇಂಥ ಆಪರೇಶನ್ನಿಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅಂತಲೇ ಹೋಗುವವರು ಜಾಸ್ತಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೆ ಹೇಳಲಾಗದು. ಯಾವ ದಾರಿ, ಯಾರ ಗಾಡಿ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.

---

ಶರಾವತಿದಂಡೆ · ಸೆಪ್ಟೆಂಬರ್ 17, ಬೆಳಿಗ್ಗೆ 7:30

ನಾನು ಒಳ್ಳೆಯದಕ್ಕೇ ಹೇಳಿದ್ದು. ಮಾಡಿನ ಮಾತು ಓದಿದ ಮೇಲೆ ಹೌದು ಅನ್ನಿಸಿತು. ನನ್ನ ಚಿಕ್ಕಪ್ಪನಿಗೆ ಆಪರೇಶನ್ ಆಗಿರಲಿಲ್ಲ, ಸುಮ್ನೆ ಉಳುಕಿತ್ತು.

---

ಕೆಳಗಿನತೋಟ · 2025 ನವೆಂಬರ್ 9, ರಾತ್ರಿ 8:15

ಎರಡು ತಿಂಗಳು ಬರೆಯಲಾಗಲಿಲ್ಲ, ಕ್ಷಮಿಸಿ. ಮಳೆ ಬಿಡಲಿಲ್ಲ, ತೋಟಕ್ಕೆ ಕೊಳೆ ಬಂತು. ಮದ್ದು ಹೊಡೆಯುವವರ ಹಿಂದೆ ತಿರುಗಿದ್ದೇ ಆಯಿತು.

ಅಕ್ಟೋಬರಿನಲ್ಲಿ ಆಯಿಯನ್ನು ಕರೆದುಕೊಂಡು ಹೋಗಿ ಬಂದೆ. ರಟ್ಟು ಇಟ್ಟು ನಾಲ್ಕು ಫಿಲ್ಮು ಒಯ್ದಿದ್ದೆ ಮಾವ. ಸರ್ಜನ್ನರು ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಪಕ್ಕದಲ್ಲಿ ಹೊಸ ಸಿಟಿ ಹಾಕಿಕೊಂಡು ಒಳ್ಳೇ ಹೊತ್ತು ನೋಡಿದರು. ನಾನು ಕೇಳುವ ಮೊದಲೇ ಬಾಗಿಸಿ ಎರಡು ಎಕ್ಸ್‌ರೇ ಬರೆದರು. ಹಿಂದೆ ಬಾಗಿಸಿದ್ದರಲ್ಲೂ ಮುಂದೆ ಬಾಗಿಸಿದ್ದರಲ್ಲೂ ನಾಲ್ಕನೇ ಮಣಿ ಒಂದೇ ಜಾಗದಲ್ಲಿಲ್ಲ. ಜಾರುತ್ತಿದೆ. ನನ್ನ ಕಣ್ಣಿಗೇ ಕಂಡಿತು, ಪುಸ್ತಕದ ಕಟ್ಟಿನಲ್ಲಿ ಒಂದು ಪುಸ್ತಕ ಮುಂದೆ ಬಂದ ಹಾಗೆ. ಮತ್ತೆ ಬೆಳೆದ ಎಲುಬು ಇದೆ, ಆದರೆ ಅಷ್ಟೇನಿಲ್ಲ. ಅದೊಂದೇ ಆಗಿದ್ದರೆ ಇಷ್ಟು ತೊಂದರೆ ಕೊಡುತ್ತಿರಲಿಲ್ಲ, ಜಾರುವುದರಿಂದಲೇ ಓಣಿ ಇಕ್ಕಟ್ಟಾಗಿದೆ ಅಂದರು. ಪಾದದ ನಾಡಿ ಮುಟ್ಟಿ ನೋಡಿದರು, ಸರಿಯಿದೆ.

ಡೆಕ್ಸಾದಲ್ಲಿ ಮೈನಸ್ 2.8 ಬಂತು. ಮೈನಸ್ 2.5ರ ಕೆಳಗೆ ಹೋದರೆ ಎಲುಬು ಸವೆದಿದೆ ಅಂತ ಲೆಕ್ಕವಂತೆ. ಹಾಗಾಗಿ ಈಗಲೇ ಸ್ಕ್ರೂ ಬೇಡ. ಮೊದಲು ಎಲುಬು ಗಟ್ಟಿ ಮಾಡುವ ಔಷಧಿ. ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುವ ಪೆನ್ನಿನಂಥ ಇಂಜೆಕ್ಷನ್ ಕೊಟ್ಟಿದ್ದಾರೆ, ಟೆರಿಪ್ಯಾರಟೈಡ್ ಅಂತ. ಅದನ್ನು ಫ್ರಿಜ್ಜಿನಲ್ಲಿಡಬೇಕು. ನಮ್ಮಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಅದಕ್ಕೆ ಐಸ್ ತುಂಬುವ ಡಬ್ಬಿ ತಂದಿಟ್ಟಿದ್ದೇನೆ. ಕಾಲಿನ ಶಕ್ತಿ ಚೆನ್ನಾಗಿದೆ, ಮೂತ್ರದ ತೊಂದರೆ ಇಲ್ಲ, ಹಾಗಾಗಿ ಕಾಯಲು ಅಡ್ಡಿಯಿಲ್ಲ ಅಂದರು. ಆರು ತಿಂಗಳ ಮೇಲೆ ಮತ್ತೆ ನೋಡಿ, ಬೇಕಾದರೆ ಜಾಗ ಬಿಡಿಸಿ ಕೂಡಿಸುವ ಆಪರೇಶನ್. ಎರಡನೇ ಸಲ ಅಂದರೆ ಹಳೆಯ ಕಲೆಮಾಂಸ ನರದ ಚೀಲಕ್ಕೆ ಅಂಟಿರುತ್ತದೆ, ಬಿಡಿಸುವಾಗ ಹರಿಯುವ ಅಪಾಯ ಜಾಸ್ತಿ ಅಂತಲೂ ಬಿಡಿಸಿ ಹೇಳಿದರು. ಬರೀ ಒಳ್ಳೆಯದನ್ನೇ ಹೇಳುವವರಿಗಿಂತ ಇವರ ಮೇಲೆ ನಂಬಿಕೆ ಬಂತು.

ಕವಳದ ವಿಷಯ. ಡಾಕ್ಟರ ಮುಂದೆ "ತಂಬಾಕು ಹಾಕ್ತಾಳಾ?" ಅಂತ ಕೇಳಿದಾಗ ನಾನು ಇಲ್ಲ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಆಯಿಯೇ "ಮಧ್ಯಾಹ್ನ ಉಂಡಾದ ಮೇಲೆ ಒಂದು, ರಾತ್ರಿ ಒಂದು" ಅಂದಳು. ನಲವತ್ತೊಂದು ವರ್ಷ ಅವಳ ಮಗನಾಗಿ ನನಗೆ ಗೊತ್ತಿರಲಿಲ್ಲ. ನಾಲ್ಕುಸ್ಕ್ರೂ ಅವರೇ, ನಿಮ್ಮ ಲವಂಗದ ಕತೆ ಹೇಳಿದೆ. ಲವಂಗ ಬೇಡ, ಖಾರ ಅಂದಳು. ಈಗ ಬರೀ ಎಲೆ, ಸುಣ್ಣ, ಅಡಿಕೆ. ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ ಅಂತ ನನಗೂ ಗೊತ್ತು, ಆದರೆ ಅಡಿಕೆ ಬೆಳೆಯುವ ಮನೆಯಲ್ಲಿ ಒಂದೇ ದಿನ ಎರಡು ಯುದ್ಧ ಮಾಡುವ ಧೈರ್ಯ ನನಗಿಲ್ಲ.

ಕುಮಟಾದ ಅಕ್ಕ, ಮಣೆ ಕೆಲಸ ಮಾಡಿತು. ಮೊನ್ನೆ ನಿಂತೇ ಹದಿನೇಳು ದೋಸೆ ಎರೆದಳು. ಅಪ್ಪಯ್ಯ ಎಣಿಸಿದ. ಕೋಲು ಎರಡು ಬೇಡ, ಒಂದು ಸಾಕು ಅಂತ ಹಟ. ಮಾತ್ರೆ, ಹಾಲು ಎರಡೂ ಶುರುವಾಗಿದೆ.

ಆಪರೇಶನ್ ದಿನದ ಮಾತು ಬಂದಾಗ ಡಾಕ್ಟರು ಏಪ್ರಿಲ್ ಅಂದರು, ಬೇಗ ಬೇಕಾದರೆ ಫೆಬ್ರವರಿಯೂ ಆಗಬಹುದು ಅಂದರು. ಆಯಿ ನನ್ನ ಕಡೆ ತಿರುಗಿ, "ಕೊನೆಕೊಯ್ಲು ಮುಗಿಲಿ ತಡಿ, ಆಮೇಲೆ ನೋಡನ" ಅಂದಳು. ಅಡಿಕೆ ಗೊನೆ ಕೊಯ್ಯುವುದು ಮುಗಿಯಲಿ ಅಂತ. ಡಾಕ್ಟರಿಗೆ ಅರ್ಥ ಆಗಲಿಲ್ಲ. ಏನು ಮುಗಿಯಬೇಕು ಅಂತ ನನ್ನನ್ನು ಕೇಳಿದರು.

---

ಕತ್ತಲೆಕೋಣೆ · ನವೆಂಬರ್ 9, ರಾತ್ರಿ 8:40

ಏಪ್ರಿಲ್ ಒಳ್ಳೇದು. ಹೊಸ ಎಕ್ಸ್‌ರೇ ಎರಡನ್ನೂ ಸಿಡಿಯಲ್ಲಿ ಹಾಕಿಸಿಕೊಂಡೆಯಾ? ಇಲ್ಲದಿದ್ದರೆ ಮುಂದಿನ ಸಲ ಹೋದಾಗ ಮರೆಯಬೇಡ. ಅಟ್ಟದಲ್ಲಿ ಇಡಬೇಡ, ಅಪ್ಪಯ್ಯನ ಕೈಗೆ ಸಿಗುವಲ್ಲಿಯೂ ಇಡಬೇಡ.